ಚಿತ್ರದ ಎಲೆಗಳು: ಆಟ, ಸಂಗ್ರಹ ಮತ್ತು ವಿನಿಮಯ

ಮಾನವನು ಸ್ವಭಾವತಃ ಕ್ರೀಡಾಪ್ರಿಯನು. ಅಷ್ಟೇ ಮಟ್ಟಿಗೆ ಸಂಗ್ರಹಪ್ರಿಯನೂ ಹೌದು. ನಡೆಯಲು ಕಲಿತ ಮಗುವು ಅಂಗಳದಲ್ಲಿ ಬಿದ್ದ ಮಂಜೊಟ್ಟಿಯ ಕೆಂಪು ಬೀಜಗಳನ್ನು ಆರಿಸಿ ಮುಷ್ಟಿಯಲ್ಲಿ ಬಿಗಿಹಿಡಿಯುತ್ತದೆ. ತುಸು ಬೆಳೆದ ಮೇಲೆ ಅವೇ ಬೀಜಗಳನ್ನು ಚೆನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ಹಂಚಿ ಎದುರಾಳಿಯೊಡನೆ ಆಡುತ್ತದೆ. ಕರಾವಳಿಯ ಮಕ್ಕಳು ಬೇಸಗೆಯಲ್ಲಿ ಗೇರುಬೀಜಗಳನ್ನು ಕೂಡಿಸಿ, ಗುರಿಯಿಟ್ಟು ಹೊಡೆದು ಆಡುತ್ತಿದ್ದುದೂ ಹೀಗೆಯೇ. ಕೂಡಿಡುವ ಆಸೆ ಮತ್ತು ಆಡುವ ಆಸೆ ಇವೆರಡೂ ಒಂದೇ ಮನಸ್ಸಿನ ಎರಡು ಮುಖಗಳಾಗಿವೆ.

ಇಂದು ಮಂಗಳೂರು ನಗರದ ಮಕ್ಕಳ ಕೈಯಲ್ಲಿ ಗೇರುಬೀಜದ ಸ್ಥಾನವನ್ನು ಬಹುಮಟ್ಟಿಗೆ ಚಿತ್ರದ ಎಲೆಗಳು, ಅಂದರೆ 'ಕಾರ್ಡು'ಗಳು, ಆಕ್ರಮಿಸಿವೆ. ಹಂಪನಕಟ್ಟೆಯ ಆಟಿಕೆಯಂಗಡಿಗಳಲ್ಲಿ ಮಾತ್ರವಲ್ಲ, ಬಡಾವಣೆಗಳ ಸಣ್ಣ ಅಂಗಡಿಗಳಲ್ಲಿಯೂ ಮಿರುಗುವ ಪೊಟ್ಟಣಗಳು ತೂಗಾಡುತ್ತವೆ. ಒಳಗೆ ಯಾವ ಎಲೆಯಿದೆ ಎಂಬುದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಹೀಗೆ ಕೊಂಡ ಎಲೆಗಳನ್ನು ಮಕ್ಕಳು ಕೂಡಿಡುತ್ತಾರೆ, ಪರಸ್ಪರ ಬದಲಾಯಿಸಿಕೊಳ್ಳುತ್ತಾರೆ, ನಿಯಮಬದ್ಧವಾಗಿ ಆಡುತ್ತಾರೆ. ಈ ಮೂರೂ ಕೂಡಿದ ಹವ್ಯಾಸಕ್ಕೆ ಜಗತ್ತಿನಲ್ಲಿ 'ಟ್ರೇಡಿಂಗ್ ಕಾರ್ಡ್ ಗೇಮ್' ಎಂಬ ಹೆಸರಿದೆ. ಇದನ್ನು ಕಂಡ ಹಿರಿಯರಲ್ಲಿ ಕೆಲವರು ಕೇವಲ ಹಣದ ಪೋಲು ಎಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಕೇಳಿದಷ್ಟೂ ಕೊಡಿಸಿ ಸುಮ್ಮನಾಗುತ್ತಾರೆ. ಇವೆರಡೂ ವಿಷಯವನ್ನು ಅರಿಯದ ನಿಲುವುಗಳೇ. ಈ ಹವ್ಯಾಸದ ಮೂಲವೇನು, ಅದರ ರಚನೆ ಎಂತಹದು, ಅದರಲ್ಲಿ ಗ್ರಾಹ್ಯವಾದುದು ಯಾವುದು, ತ್ಯಾಜ್ಯವಾದುದು ಯಾವುದು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ತಿಳಿದಿರುವುದು ಯುಕ್ತ.

ಎಲೆಯಾಟದ ಪೂರ್ವೇತಿಹಾಸ

ಚಿತ್ರದ ಎಲೆಗಳ ಆಟವು ಭಾರತಕ್ಕೆ ಹೊಸತಲ್ಲ. ಇಸ್ಪೀಟಿನ 52 ಎಲೆಗಳು ಮನೆಮನೆಗೆ ಬರುವ ಮೊದಲೇ ಇಲ್ಲಿ 'ಗಂಜೀಫಾ' ಎಂಬ ಆಟವು ಪ್ರಚಾರದಲ್ಲಿತ್ತು. ಪರ್ಷಿಯಾದ ಕಡೆಯಿಂದ ಬಂದ ಈ ಆಟದ ಉಲ್ಲೇಖವು ಮೊಗಲ್ ದೊರೆ ಬಾಬರನ ಆತ್ಮಕಥೆಯಲ್ಲಿಯೇ ದೊರೆಯುತ್ತದೆ; 1527ರಲ್ಲಿ ಅವನು ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟನು. ಅಕ್ಬರನ ಕಾಲದಲ್ಲಿ ಬಳಕೆಯಲ್ಲಿದ್ದ ಕಟ್ಟಿನ ವಿವರಗಳನ್ನು ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ.

ಗಂಜೀಫಾ ಎಲೆಗಳು ಸಾಮಾನ್ಯವಾಗಿ ದುಂಡಾಗಿರುತ್ತವೆ. ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಪುಡಿಯನ್ನು ಬಳಿದು, ಉಜ್ಜಿ ನುಣುಪುಗೊಳಿಸಿ, ಮೇಲೆ ಬಣ್ಣದಿಂದ ಚಿತ್ರ ಬರೆದು, ಅರಗಿನ ಲೇಪ ಕೊಡುವುದು ಒಂದು ಪದ್ಧತಿ. ಅರಮನೆಗಳಿಗಾಗಿ ದಂತದ ಮೇಲೂ ಆಮೆಯ ಚಿಪ್ಪಿನ ಮೇಲೂ ಬರೆದುದುಂಟು. ಮೊಗಲರ ಪದ್ಧತಿಯ ಕಟ್ಟಿನಲ್ಲಿ 8 ರಂಗುಗಳು. ರಂಗಿಗೆ 12ರಂತೆ 96 ಎಲೆಗಳು. ಹಿಂದೂ ಸಮಾಜವು ಇದನ್ನು ತನ್ನದಾಗಿಸಿಕೊಂಡಾಗ ವಿಷ್ಣುವಿನ ಹತ್ತು ಅವತಾರಗಳು ಹತ್ತು ರಂಗುಗಳಾದುವು. ಹೀಗಾಗಿ ದಶಾವತಾರ ಗಂಜೀಫಾದಲ್ಲಿ 120 ಎಲೆಗಳು. ಪ್ರತಿಯೊಂದು ರಂಗಿನಲ್ಲಿ ರಾಜ, ಮಂತ್ರಿ, ಮತ್ತು 1ರಿಂದ 10ರವರೆಗಿನ ಅಂಕದ ಎಲೆಗಳು. ಅರ್ಧದಷ್ಟು ರಂಗುಗಳಲ್ಲಿ ಮಂತ್ರಿಯ ಬಳಿಕ ಹತ್ತು ಹಿರಿದಾದರೆ, ಉಳಿದ ಅರ್ಧದಲ್ಲಿ ಒಂದೇ ಹಿರಿದು. ಹಗಲಿನಲ್ಲಿ ಆಡುವಾಗ ಒಂದು ರಂಗಿನ ರಾಜನಿಂದ ಆಟವು ಆರಂಭವಾದರೆ ರಾತ್ರಿಯಲ್ಲಿ ಮತ್ತೊಂದು ರಂಗಿನ ರಾಜನಿಂದ ಆರಂಭವಾಗುತ್ತಿತ್ತು. ಬಿದ್ದ ಎಲೆಗಳೆಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳದೆ ಈ ಆಟವನ್ನು ಗೆಲ್ಲುವುದು ಅಸಾಧ್ಯ. ಆದುದರಿಂದಲೇ ಅದನ್ನು ಸ್ಮರಣಶಕ್ತಿಯ ಆಟವೆಂದು ಬಲ್ಲವರು ಗೌರವಿಸುತ್ತಿದ್ದರು.

ಮೈಸೂರಿನ ಛದಗಳು

ಕನ್ನಡ ನಾಡಿನಲ್ಲಿ ಗಂಜೀಫಾವನ್ನು ಪರಾಕಾಷ್ಠೆಗೆ ಒಯ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿದ ಬಳಿಕ ಅವರ ಪ್ರತಿಭೆಯು ಸಾಹಿತ್ಯ, ಚಿತ್ರಕಲೆ, ಚದುರಂಗ ಮೊದಲಾದ ವಿದ್ಯೆಗಳತ್ತ ಹರಿಯಿತು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಬೃಹತ್ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು 'ಕೌತುಕನಿಧಿ'. ಅದರಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರಣೆಯಿದೆ. ಇವುಗಳಿಗೆ 'ಛದ'ಗಳೆಂದು ಹೆಸರು; ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇವುಗಳಲ್ಲಿ ಅತ್ಯಂತ ದೊಡ್ಡ ಕಟ್ಟಿಗೆ 18 ರಂಗುಗಳು, 360 ಎಲೆಗಳು. ಎಲೆಎಲೆಯ ಮೇಲೂ ದೇವತೆಗಳು, ವಾಹನಗಳು, ಆಯುಧಗಳು. ಚಿತ್ರಕಲೆಯ ದೃಷ್ಟಿಯಿಂದ ಇವು ಅಪೂರ್ವ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆಟದ ದೃಷ್ಟಿಯಿಂದ ನೋಡಿದಾಗ ಬೇರೆಯೇ ಒಂದು ಸತ್ಯವು ಗೋಚರಿಸುತ್ತದೆ. 360 ಎಲೆಗಳನ್ನು ಹಂಚಿ, ಹಿಡಿದು, ನೆನಪಿಟ್ಟು ಆಡಬಲ್ಲವರು ಎಷ್ಟು ಮಂದಿ? ಈ ಛದಗಳು ಅರಮನೆಯ ಆವರಣವನ್ನು ದಾಟಿ ಜನಸಾಮಾನ್ಯರ ಜಗಲಿಗೆ ಬರಲಿಲ್ಲ. ಇತ್ತ ಯಂತ್ರದಲ್ಲಿ ಅಚ್ಚಾದ ಅಗ್ಗದ ಇಸ್ಪೀಟೆಲೆಗಳು ಊರೂರಿಗೆ ತಲುಪಿದುವು. ಸಮುದ್ರಮಾರ್ಗವಾಗಿ ಬಂದ ಐರೋಪ್ಯರ ಒಡನಾಟದ ಗುರುತು ಇಂದಿಗೂ ಆಡುಮಾತಿನಲ್ಲಿ ಉಳಿದಿದೆ. ಇಸ್ಪೀಟಿನ 'ಕಳಾವರ' ಎಂಬ ಹೆಸರು ಡಚ್ ಭಾಷೆಯ 'ಕ್ಲಾವರ್' ಎಂಬುದರಿಂದ ಬಂದದ್ದು. ಹೊಸ ಎಲೆಗಳ ಮುಂದೆ ಕೈಯಿಂದ ಬರೆದ ಗಂಜೀಫಾ ನಿಲ್ಲಲಾರದೆ ಹೋಯಿತು. ಚಿತ್ರಗಳು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದುವು. ಆಡುವವರು ಮಾತ್ರ ವಿರಳರಾದರು.

ಈ ಕಲೆಯನ್ನು ಉಳಿಸುವ ಪ್ರಯತ್ನಗಳು ನಡೆದೇ ಇವೆ. ಕೊಂಕಣ ಕರಾವಳಿಯ ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನದವರು 1970ರ ದಶಕದಲ್ಲಿ ಅರಮನೆಯಲ್ಲಿಯೇ ಕಸಬುದಾರರನ್ನು ಕೂಡಿಸಿ ಗಂಜೀಫಾ ರಚನೆಗೆ ಪುನಶ್ಚೇತನ ನೀಡಿದರು. ಮೈಸೂರು ಶೈಲಿಯ ಗಂಜೀಫಾವನ್ನು ಪುನಃ ಬೆಳಕಿಗೆ ತಂದ ಕಲಾವಿದರಲ್ಲಿ ಗಂಜೀಫಾ ರಘುಪತಿ ಭಟ್ಟರ ಹೆಸರು ಪ್ರಸಿದ್ಧವಾದುದು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಆಟಗಳ ಪರಿಚಯವನ್ನು ಜನರಿಗೆ ಮಾಡಿಕೊಟ್ಟಿದೆ. ಇವೆಲ್ಲವೂ ಸ್ತುತ್ಯರ್ಹ. ಆದರೂ ಗಂಜೀಫಾದ ಚರಿತ್ರೆಯು ಕಲಿಸುವ ಪಾಠವೊಂದಿದೆ: ಎಲೆಯು ಎಷ್ಟೇ ಸುಂದರವಾಗಿರಲಿ, ಕೈಯಿಂದ ಕೈಗೆ ಸಾಗುವುದು ನಿಂತಾಗ ಆಟವು ಅಳಿಯುತ್ತದೆ, ಚಿತ್ರವಷ್ಟೇ ಉಳಿಯುತ್ತದೆ. ಇಂದಿನ ಹವ್ಯಾಸಿಗಳು ಈ ಪಾಠವನ್ನು ಮರೆಯಬಾರದು.

ಸಂಗ್ರಹಕ್ಕೆಂದೇ ಹುಟ್ಟಿದ ಎಲೆಗಳು

ಆಟಕ್ಕಾಗಿ ಅಲ್ಲದೆ ಸಂಗ್ರಹಕ್ಕೆಂದೇ ಅಚ್ಚಾದ ಎಲೆಗಳು ಬಂದುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಅದೂ ವ್ಯಾಪಾರದ ಕಾರಣದಿಂದ. ಅಮೆರಿಕ ಮತ್ತು ಇಂಗ್ಲೆಂಡುಗಳ ಸಿಗರೇಟು ತಯಾರಕರು ತೆಳುವಾದ ಪೊಟ್ಟಣವು ಬಾಗದಿರಲೆಂದು ಒಳಗೊಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ತುಂಡಿನ ಮೇಲೆ ಹಡಗು, ಹಕ್ಕಿ, ಸೈನಿಕ, ಆಟಗಾರ ಮೊದಲಾದ ಚಿತ್ರಗಳನ್ನು ಅಚ್ಚುಹಾಕಿ, ಕ್ರಮಸಂಖ್ಯೆ ಕೊಟ್ಟು ಮಾಲಿಕೆಗಳನ್ನಾಗಿ ಹೊರತಂದಾಗ, ಮಾಲಿಕೆಯನ್ನು ಪೂರ್ಣಗೊಳಿಸುವ ಹಂಬಲದಿಂದ ಕೊಳ್ಳುವವರ ಸಂಖ್ಯೆ ಬೆಳೆಯಿತು. ಎರಡನೆಯ ಮಹಾಯುದ್ಧದ ಕಾಲದ ಕಾಗದದ ಅಭಾವದಿಂದ ಇಂಗ್ಲೆಂಡಿನಲ್ಲಿ ಈ ಪದ್ಧತಿ ನಿಂತಿತು. ಅಮೆರಿಕದಲ್ಲಿ ಅಗಿಯುವ ಗೋಂದಿನ ಜೊತೆಗೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಮಾರಿದ ಟಾಪ್ಸ್ ಸಂಸ್ಥೆಯು 1952ರಲ್ಲಿ ಪ್ರಸಿದ್ಧ ಮಾಲಿಕೆಯೊಂದನ್ನು ಹೊರತಂದಿತು. ಅವುಗಳಲ್ಲಿ ಮಾರಾಟವಾಗದೆ ಉಳಿದ ರಾಶಿಯನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದುದಾಗಿ ಆ ಮಾಲಿಕೆಯ ರೂವಾರಿ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಅದೇ ಮಾಲಿಕೆಯ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಎಲೆಯೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಎಲೆಯ ಬೆಲೆಯು ಅದರ ಗುಣದಿಂದಲ್ಲ, ವಿರಳತೆಯಿಂದ ಹುಟ್ಟುತ್ತದೆ; ಆ ವಿರಳತೆಯಾದರೋ ಎಷ್ಟೋ ಸಲ ಆಕಸ್ಮಿಕ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಭಾರತದಲ್ಲಿ ಹಿಂದಿನ ತಲೆಮಾರಿನ ಮಕ್ಕಳು ಬೆಂಕಿಪೆಟ್ಟಿಗೆಯ ಚಿತ್ರಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುತ್ತಿದ್ದರು. 1980ರ ದಶಕದ ಉತ್ತರಾರ್ಧದಲ್ಲಿ 'ಬಿಗ್ ಫನ್' ಗೋಂದಿನ ಜೊತೆಗೆ ಕ್ರಿಕೆಟಿಗರ ಚಿತ್ರಗಳು ಬಂದುವು. 1990ರ ದಶಕದಲ್ಲಿ 'ಟ್ರಂಪ್ ಕಾರ್ಡು'ಗಳು ಮನೆಮಾತಾದುವು. ಇವುಗಳ ಆಟವು ಸರಳ: ಎಲೆಯ ಮೇಲೆ ಆಟಗಾರನ ಚಿತ್ರದೊಡನೆ ಪಂದ್ಯ, ಓಟ, ವಿಕೆಟ್ಟು ಮೊದಲಾದ ಅಂಕೆಗಳಿರುತ್ತವೆ. ಒಬ್ಬನು ಒಂದು ಬಾಬನ್ನು ಹೆಸರಿಸುತ್ತಾನೆ. ಯಾರ ಎಲೆಯಲ್ಲಿ ಆ ಅಂಕೆ ಹೆಚ್ಚೋ ಅವನಿಗೆ ಎರಡೂ ಎಲೆಗಳು.

ಇಲ್ಲಿಯೂ ಅರಿವಿಗೆ ಅವಕಾಶವಿದೆ. ಕನ್ನಡಿಗ ಬಿ. ಎಸ್. ಚಂದ್ರಶೇಖರ್ ಅವರು 58 ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ ಓಟಗಳು 167 ಮಾತ್ರ, ಪಡೆದ ವಿಕೆಟ್ಟುಗಳಾದರೋ 242. ಅವರ ಎಲೆ ಕೈಗೆ ಬಂದಾಗ ಓಟವನ್ನು ಕೇಳಿದವನು ಸೋಲುತ್ತಾನೆ, ವಿಕೆಟ್ಟನ್ನು ಕೇಳಿದವನು ಬಹುಮಟ್ಟಿಗೆ ಗೆಲ್ಲುತ್ತಾನೆ. ಜಿ. ಆರ್. ವಿಶ್ವನಾಥ್ ಅವರ 91 ಪಂದ್ಯಗಳ 6,080 ಓಟಗಳನ್ನೂ, ಮಂಗಳೂರಿಗೆ ನೆರೆಯ ಕುಂಬಳೆ ಮೂಲದ ಮನೆತನದ ಅನಿಲ್ ಕುಂಬ್ಳೆ ಅವರ 619 ವಿಕೆಟ್ಟುಗಳನ್ನೂ ಮಕ್ಕಳು ಬಾಯಿಪಾಠ ಮಾಡಿಕೊಂಡದ್ದು ಪಠ್ಯಪುಸ್ತಕದಿಂದಲ್ಲ. ಮುಂದೆ ಐಪಿಎಲ್ ಪಂದ್ಯಾವಳಿಗಳ ಕಾಲದಲ್ಲಿ ಟಾಪ್ಸ್ ಸಂಸ್ಥೆಯ 'ಕ್ರಿಕೆಟ್ ಅಟ್ಯಾಕ್ಸ್' ಎಲೆಗಳು ಇಲ್ಲಿಯೂ ಬಂದುವು. ಸುರತ್ಕಲ್ಲಿನಲ್ಲಿ ಬೆಳೆದು ಮಂಗಳೂರಿನ ಮೈದಾನಗಳಲ್ಲಿ ಕ್ರಿಕೆಟ್ ಕಲಿತ ಕೆ. ಎಲ್. ರಾಹುಲ್ ಅವರಂತಹ ಊರಿನ ಹುಡುಗನೊಬ್ಬನು ದೇಶದ ತಂಡವನ್ನು ಸೇರಿದ ಮೇಲೆ ಇಲ್ಲಿನ ಮಕ್ಕಳಿಗೆ ಕ್ರಿಕೆಟಿನ ಎಲೆಗಳಲ್ಲಿ ವಿಶೇಷ ಮಮತೆ ಮೂಡಿದುದು ಸಹಜವೇ.

ಹೊಸ ಆಟದ ರಚನೆ

ಸಂಗ್ರಹ ಮತ್ತು ಆಟಗಳನ್ನು ಶಾಸ್ತ್ರೀಯವಾಗಿ ಬೆಸೆದವರು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಅವರು ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟವು 1993ರಲ್ಲಿ ಪ್ರಕಟವಾಯಿತು. ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಎಲೆಗಳನ್ನು ಪಡೆಯುತ್ತಾರೆ. ಇಲ್ಲಿ ಹಾಗಲ್ಲ, ಪ್ರತಿಯೊಬ್ಬನೂ ತನ್ನಲ್ಲಿರುವ ಎಲೆಗಳಿಂದ ಆರಿಸಿ ತನ್ನದೇ ಆದ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಪ್ರತಿಯೊಂದು ಎಲೆಯೂ ತನ್ನ ನಿಯಮವನ್ನು ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಮುಂದೆ ಜಪಾನಿನಲ್ಲಿ 1996ರಲ್ಲಿ 'ಪೋಕೆಮಾನ್' ಎಲೆಗಳೂ 1999ರಲ್ಲಿ 'ಯು-ಗಿ-ಓ' ಎಲೆಗಳೂ ಬಂದುವು. ಪೋಕೆಮಾನಿನ ಕಲ್ಪನೆಯನ್ನು ಹೆಣೆದ ಸತೋಷಿ ತಾಜಿರಿ ಅವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುವ ಹವ್ಯಾಸವಿತ್ತು; ಆ ಸಂತೋಷವನ್ನು ನಗರದ ಮಕ್ಕಳಿಗೂ ಒದಗಿಸುವ ಹಂಬಲವೇ ಅದಕ್ಕೆ ಪ್ರೇರಣೆಯಾಯಿತು.

ಪೋಕೆಮಾನ್ ಆಟದ ಕಟ್ಟಿನಲ್ಲಿ ಸರಿಯಾಗಿ 60 ಎಲೆಗಳಿರಬೇಕು. ಮೂಲಶಕ್ತಿಯ ಎಲೆಗಳನ್ನುಳಿದು ಬೇರಾವ ಹೆಸರಿನ ಎಲೆಯೂ ನಾಲ್ಕಕ್ಕಿಂತ ಹೆಚ್ಚಾಗಿರಕೂಡದು. ಆಟದ ಆರಂಭದಲ್ಲಿ ಆರು ಎಲೆಗಳನ್ನು ಬಹುಮಾನವಾಗಿ ಬದಿಗಿರಿಸಲಾಗುತ್ತದೆ. ಎದುರಾಳಿಯ ಪ್ರಾಣಿಯೊಂದನ್ನು ಸೋಲಿಸಿದಾಗಲೆಲ್ಲ ಆಟಗಾರನು ತನ್ನ ಬಹುಮಾನದ ಎಲೆಯನ್ನು ಎತ್ತಿಕೊಳ್ಳುತ್ತಾನೆ. ಆರನ್ನೂ ಮೊದಲು ಎತ್ತಿಕೊಂಡವನು ಗೆದ್ದಂತೆ. ಪ್ರಬಲವಾದ ಪ್ರಾಣಿಗೆ ಹೆಚ್ಚು ಶಕ್ತಿಯ ಎಲೆಗಳು ಬೇಕಾಗುವುದರಿಂದ, ಪ್ರಬಲವಾದುವನ್ನೇ ತುಂಬಿಕೊಂಡ ಕಟ್ಟು ಮೊದಲ ಸುತ್ತುಗಳಲ್ಲಿಯೇ ಮುಗ್ಗರಿಸುತ್ತದೆ. ಸಾಧಾರಣವಾದ, ಅಗ್ಗವಾದ ಎಲೆಗಳು ಸರಿಯಾದ ಪ್ರಮಾಣದಲ್ಲಿ ಬೆರೆತ ಕಟ್ಟು ಗೆಲ್ಲುತ್ತದೆ. ಆದುದರಿಂದ ಅತಿ ಬೆಲೆಯುಳ್ಳ ಎಲೆಯನ್ನು ಹೊಂದಿರುವವನೇ ಅತಿ ಒಳ್ಳೆಯ ಆಟಗಾರನೆಂಬುದು ತಪ್ಪು ತಿಳಿವಳಿಕೆ. ಓದಿ ಅರ್ಥಮಾಡಿಕೊಳ್ಳುವುದು, ಕೂಡಿ ಕಳೆದು ಲೆಕ್ಕಹಾಕುವುದು, ಎದುರಾಳಿಯ ಮುಂದಿನ ಹೆಜ್ಜೆಯನ್ನು ಊಹಿಸುವುದು, ಸೋತಾಗ ಕಟ್ಟನ್ನು ಬಿಚ್ಚಿ ಪುನಃ ಕಟ್ಟುವುದು ಇವೇ ಈ ಆಟದ ನಿಜವಾದ ಸಂಪತ್ತು.

ಪೊಟ್ಟಣದೊಳಗಿನ ಲೆಕ್ಕ

ಇನ್ನು ಈ ಹವ್ಯಾಸದ ಅಪಾಯದ ಭಾಗವನ್ನು ಪರಿಶೀಲಿಸಬೇಕು. ಮ್ಯಾಜಿಕ್ ಆಟದ ಮೊದಲ ಪೊಟ್ಟಣಗಳಲ್ಲಿ 15 ಎಲೆಗಳಿದ್ದು ಅವುಗಳಲ್ಲಿ 11 ಸಾಮಾನ್ಯ, 3 ಅಸಾಮಾನ್ಯ, 1 ಮಾತ್ರ ವಿರಳವಾಗಿದ್ದಿತು. ಈ ಕ್ರಮವೇ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಇತರ ಆಟಗಳಿಗೂ ಹಬ್ಬಿತು. ಬೇಕಾದ ಎಲೆ ಬರುವವರೆಗೂ ಪೊಟ್ಟಣಗಳನ್ನು ಒಡೆಯುತ್ತಲೇ ಇರಬೇಕೆಂಬ ತವಕವು ಇಲ್ಲಿ ಹುಟ್ಟುತ್ತದೆ. ಇದರ ಹಿಂದಿನ ಗಣಿತವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಲ್ಲನು.

100 ಚಿತ್ರಗಳ ಒಂದು ಮಾಲಿಕೆಯಿದೆ, ಒಂದು ಸಲಕ್ಕೆ ಒಂದು ಚಿತ್ರ ದೊರೆಯುತ್ತದೆ, ಎಲ್ಲವೂ ದೊರೆಯುವ ಸಾಧ್ಯತೆ ಸಮಾನವಾಗಿದೆ ಎಂದು ಭಾವಿಸೋಣ. ಮೊದಲು ಕೊಂಡ ಚಿತ್ರವು ಖಂಡಿತವಾಗಿ ಹೊಸತು. 50 ಚಿತ್ರಗಳು ಕೂಡಿದ ಮೇಲೆ ಹೊಸತು ದೊರೆಯುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ. 99 ಕೂಡಿದ ಮೇಲೆ ಉಳಿದ ಒಂದು ಚಿತ್ರವು ದೊರೆಯುವ ಸಾಧ್ಯತೆ ನೂರರಲ್ಲಿ ಒಂದು. ಅದೊಂದಕ್ಕಾಗಿಯೇ ಸರಾಸರಿ 100 ಚಿತ್ರಗಳನ್ನು ಕೊಳ್ಳಬೇಕು. ಹೀಗೆ ಒಂದೊಂದನ್ನೂ ಕೂಡಿಸಿದರೆ ಮೊದಲ 50 ಚಿತ್ರಗಳಿಗೆ ಸರಾಸರಿ 69 ಖರೀದಿಗಳು ಸಾಕು. ಕೊನೆಯ 10 ಚಿತ್ರಗಳಿಗಾದರೋ ಸುಮಾರು 293 ಖರೀದಿಗಳು ಬೇಕು. ಒಟ್ಟು ಮಾಲಿಕೆಗೆ ಸರಾಸರಿ 519. ಅಂದರೆ ಮಾಲಿಕೆ ಪೂರ್ಣವಾದಾಗ ಸಂಗ್ರಾಹಕನ ಬಳಿ 419 ಹೆಚ್ಚುವರಿ ಎಲೆಗಳು ಬಿದ್ದಿರುತ್ತವೆ. ಕೆಲವು ಎಲೆಗಳನ್ನು ಬೇಕೆಂದೇ ವಿರಳವಾಗಿ ಅಚ್ಚುಹಾಕಿದಾಗ ಈ ಲೆಕ್ಕವು ಇನ್ನೂ ವಿಷಮವಾಗುತ್ತದೆ.

ಈ ಲೆಕ್ಕದ ತಾತ್ಪರ್ಯವು ಗಮನಾರ್ಹ. ಒಬ್ಬಂಟಿಯಾಗಿ ಕೊಳ್ಳುತ್ತಲೇ ಪೂರ್ಣತೆಯನ್ನು ಸಾಧಿಸಹೊರಟವನು ಐದು ಪಾಲು ಹಣ ತೆರುತ್ತಾನೆ. ಅದೇ ಒಂದು ತರಗತಿಯ ಹತ್ತು ಮಂದಿ ಕೂಡಿ ತಮ್ಮ ಹೆಚ್ಚುವರಿ ಎಲೆಗಳನ್ನು ಪರಸ್ಪರ ಬದಲಾಯಿಸಿಕೊಂಡರೆ, ಒಬ್ಬನಿಗೆ ಕಸವೆನಿಸಿದ ಎಲೆಯೇ ಇನ್ನೊಬ್ಬನ ಮಾಲಿಕೆಯನ್ನು ತುಂಬುತ್ತದೆ. ಪೊಟ್ಟಣವನ್ನು ನಂಬಿದವನು ಅದೃಷ್ಟವನ್ನು ನಂಬಿದಂತೆ. ಗೆಳೆಯನನ್ನು ನಂಬಿದವನಿಗೆ ದಾರಿ ಹತ್ತಿರ.

ಅದೃಷ್ಟಕ್ಕೆ ಹಣ ಒಡ್ಡುವುದು ಜೂಜಿನ ಹೊಸ್ತಿಲು. ಧರ್ಮರಾಯನಂತಹವನೂ ಇನ್ನೊಂದು ದಾಳ, ಇನ್ನೊಂದು ಪಣವೆನ್ನುತ್ತಾ ರಾಜ್ಯವನ್ನು ಕಳೆದುಕೊಂಡ ಕಥೆಯನ್ನು ಯಕ್ಷಗಾನದ ರಂಗಸ್ಥಳದಲ್ಲಿ ನೋಡದ ಕರಾವಳಿಗರಿಲ್ಲ. ಮ್ಯಾಜಿಕ್ ಆಟದ ಮೊದಲ ನಿಯಮಗಳಲ್ಲಿಯೂ ಆಟಗಾರರು ತಲಾ ಒಂದು ಎಲೆಯನ್ನು ಪಣವಾಗಿ ಒಡ್ಡುವ ಕ್ರಮವಿತ್ತು. ಅದು ಜೂಜಿಗೆ ಎಡೆಗೊಡುವುದೆಂದು ಕಂಡುಬಂದು ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. ಗಣಕಯಂತ್ರದ ಆಟಗಳಲ್ಲಿ ಹಣ ತೆತ್ತು ತೆರೆಯುವ ಗುಪ್ತ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶವು 2018ರಲ್ಲಿ ಜೂಜೆಂದೇ ಪರಿಗಣಿಸಿತು. ಭಾರತದ ಸಂಸತ್ತು 2025ರಲ್ಲಿ ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಗದದ ಪೊಟ್ಟಣವನ್ನು ಕೊಳ್ಳುವುದಕ್ಕೆ ಕಾಯಿದೆಯ ಅಡ್ಡಿಯೇನೂ ಇಲ್ಲ. ಆದರೆ ಕಾಯಿದೆಯು ತಡೆಯದ ಕಡೆಯಲ್ಲಿ ವಿವೇಕವು ತಡೆಯಬೇಕು. ತಿಂಗಳಿಗೆ ಇಂತಿಷ್ಟೇ ಎಂಬ ಮಿತಿಯನ್ನು ಮೊದಲೇ ಗೊತ್ತುಪಡಿಸಿಕೊಂಡು, ಎಲೆ ಬಂದರೂ ಬಾರದಿದ್ದರೂ ಅಲ್ಲಿಗೆ ನಿಲ್ಲಿಸುವ ಅಭ್ಯಾಸವು ಅತ್ಯಗತ್ಯ.

ವಿನಿಮಯದ ನೀತಿ

ವಿನಿಮಯವು ಈ ಹವ್ಯಾಸದ ಹೃದಯವೆಂದಾದ ಮೇಲೆ ಅದರ ನೀತಿಯನ್ನೂ ತಿಳಿಯಬೇಕು. ದೊಡ್ಡ ತರಗತಿಯ ಹುಡುಗನೊಬ್ಬನು ಸಣ್ಣ ತರಗತಿಯ ಹುಡುಗನ ವಿರಳವಾದ ಎಲೆಯನ್ನು ಎರಡು ಮಿರುಗುವ ಅಗ್ಗದ ಎಲೆಗಳಿಗೆ ಪಡೆದುಕೊಂಡನೆಂದರೆ ಅದು ಜಾಣತನವಲ್ಲ, ವಂಚನೆ. ಇಬ್ಬರಿಗೂ ಬೆಲೆ ತಿಳಿದಿರುವುದು, ಇಬ್ಬರೂ ಮನಃಪೂರ್ವಕವಾಗಿ ಒಪ್ಪುವುದು, ಒಂದು ದಿನದೊಳಗೆ ಮನಸ್ಸು ಬದಲಾದರೆ ಹಿಂದಿರುಗಿಸುವುದು ಇಂತಹ ಮೂರು ಸರಳ ನಿಯಮಗಳನ್ನು ಮಕ್ಕಳೇ ಕೂಡಿ ಮಾಡಿಕೊಂಡರೆ ಅರ್ಧದಷ್ಟು ಜಗಳಗಳು ತಪ್ಪುತ್ತವೆ.

ಆಟದಿಂದ ಹುಟ್ಟುವ ಮನಸ್ತಾಪವು ಎಷ್ಟು ದೂರ ಹೋಗಬಲ್ಲದೆಂಬುದನ್ನು ತುಳುನಾಡಿನ ಹಿರಿಯರು ಬಲ್ಲರು. ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತಾ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಚೆನ್ನೆಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು, ಆಕೆ ಮಡಿದಾಗ ತಾನೂ ಬಾವಿಗೆ ಹಾರಿ ಪ್ರಾಣ ಬಿಡುತ್ತಾಳೆ. ಸೋದರಿಯರು ಎದುರುಬದುರಾಗಿ ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆಯು ಈ ನಾಡಿನಲ್ಲಿ ರೂಢಿಯಲ್ಲಿದೆ. ಗೆಲ್ಲುವ ಹಟವು ಒಡಹುಟ್ಟಿದವರನ್ನೂ ಮರೆಸಬಲ್ಲುದು ಎಂಬ ಎಚ್ಚರಿಕೆಯೇ ಈ ಕಥೆಯ ಸಾರ. ಸೋತವನ ಎಲೆಯನ್ನು ಗೆದ್ದವನು ಒಯ್ಯುವ ಪದ್ಧತಿಯನ್ನು ಶಾಲೆಯ ಆವರಣದಲ್ಲಿ ಬಿಟ್ಟುಬಿಡುವುದು ಲೇಸು. ಆಟ ಮುಗಿದ ಬಳಿಕ ಅವರವರ ಎಲೆಗಳು ಅವರವರ ಕೈಸೇರಬೇಕು. ಗೆಲವಿನ ಸಂತೋಷವೇ ಗೆದ್ದವನ ಬಹುಮಾನವಾಗಬೇಕು.

ನಕಲಿ ಎಲೆಗಳ ಹಾವಳಿಯೂ ಕಡಿಮೆಯಿಲ್ಲ. ಅಗ್ಗದ ಬೆಲೆಗೆ ಮಾರುವ ಬಂಗಾರದ ಬಣ್ಣದ ಪ್ಲಾಸ್ಟಿಕ್ ಎಲೆಗಳು ಹೆಚ್ಚಾಗಿ ಅಸಲಿನವಲ್ಲ. ಅಸಲಿ ಪೋಕೆಮಾನ್ ಎಲೆಯ ಅಳತೆ ಸುಮಾರು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಅಸಲಿ ಎಲೆಗಳ ಕಾಗದದ ಎರಡು ಪದರಗಳ ನಡುವೆ ಬೆಳಕನ್ನು ತಡೆಯುವ ತೆಳುವಾದ ಕಪ್ಪು ಅಥವಾ ನೀಲಿ ಪದರವೊಂದಿರುತ್ತದೆ. ದೀಪಕ್ಕೆ ಎದುರು ಹಿಡಿದಾಗ ನಕಲಿ ಎಲೆಯಲ್ಲಿ ಬೆಳಕು ಹೆಚ್ಚಾಗಿ ತೂರಿಬರುತ್ತದೆ. ಅಕ್ಷರಗಳ ತಪ್ಪು, ಬೆನ್ನಿನ ಬಣ್ಣದ ವ್ಯತ್ಯಾಸ ಇವೂ ಗುರುತುಗಳೇ. ನಕಲಿಯೆಂದು ತಿಳಿದೂ ಅದನ್ನು ಅಸಲಿಯೆಂದು ಗೆಳೆಯನಿಗೆ ದಾಟಿಸುವುದು ಸಲ್ಲದು.

ಮಳೆಗಾಲದಲ್ಲಿ ಸಂರಕ್ಷಣೆ

ಮಂಗಳೂರಿನಂತಹ ಊರಿನಲ್ಲಿ ಕಾಗದದ ವಸ್ತುವನ್ನು ಕಾಪಾಡುವುದು ಸುಲಭವಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೂ ಬೆವರುತ್ತವೆ. ಹಿಂದಿನವರು ತಾಡವೋಲೆಗಳನ್ನು ಅಡುಗೆಮನೆಯ ಅಟ್ಟದ ಹೊಗೆಯಲ್ಲಿರಿಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಕಾಪಾಡುತ್ತಿದ್ದರು. ಕಾಗದದ ಎಲೆಗೆ ಹೊಗೆಯೂ ಎಣ್ಣೆಯೂ ಹಿತವಲ್ಲ. ಮಿರುಗುವ ಎಲೆಯ ಒಂದು ಬದಿಯಲ್ಲಿ ಲೋಹದ ತೆಳುಪೊರೆಯಿರುವುದರಿಂದ ಕಾಗದದ ಬದಿ ಮಾತ್ರ ತೇವವನ್ನು ಹೀರಿ ಹಿಗ್ಗುತ್ತದೆ. ಎಲೆಯು ಬಿಲ್ಲಿನಂತೆ ಬಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಪ್ರತಿಯೊಂದು ಎಲೆಯನ್ನೂ ಪಾರದರ್ಶಕವಾದ ಸಣ್ಣ ಚೀಲದಲ್ಲಿರಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಇಡುವುದು. ರಬ್ಬರು ಬಳೆಯಿಂದ ಬಿಗಿಯಬಾರದು; ಅದು ಅಂಚನ್ನು ಕಚ್ಚುತ್ತದೆ, ಸೆಕೆಗೆ ಕರಗಿ ಅಂಟುತ್ತದೆ. ಬಿಸಿಲಿಗೆ ಒಡ್ಡಿದರೆ ಬಣ್ಣ ಮಾಸುತ್ತದೆ. ಯಾವ ಎಲೆ, ಯಾವ ಮಾಲಿಕೆ, ಎಂದು, ಯಾರಿಂದ ಬಂದದ್ದು ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಉತ್ತಮ. ಪಟ್ಟಿಯಿಲ್ಲದ ರಾಶಿಯು ಸಂಗ್ರಹವೆನಿಸದು.

ಸಂಗ್ರಹವೂ ದಾಸೋಹವೂ

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನ ಆಸೆ ತರವಲ್ಲವೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದುಬರುವಂತೆ ತಿಳಿಹೇಳಿದರು. ಆಯುವುದನ್ನು ಅವರು ಬೇಡವೆನ್ನಲಿಲ್ಲ. ಮಿತಿಮೀರಿ ಕೂಡಿಡುವುದನ್ನು ಬೇಡವೆಂದರು. ಹವ್ಯಾಸಿಗೂ ಇದೇ ಅಳತೆಗೋಲು. ಹೆಚ್ಚಾದುದು ಇನ್ನೊಬ್ಬರಿಗೆ ಸಲ್ಲಬೇಕು.

ಮಂಗಳೂರಿನಲ್ಲಿಯೇ ಇದಕ್ಕೆ ದೊಡ್ಡ ಪ್ರಮಾಣದ ನಿದರ್ಶನವೊಂದಿದೆ. ಬಿಜೈಯಲ್ಲಿರುವ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವು ಸೇನೆಯಲ್ಲಿ ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಜ್ಕರ್ ಅವರ ಔದಾರ್ಯದ ಫಲ. ತಮ್ಮ ತಾಯಿಯ ನೆನಪಿಗಾಗಿ ಅವರು ಕಟ್ಟಡವನ್ನೂ ತಾವು ಕೂಡಿಸಿದ ವಸ್ತುಗಳನ್ನೂ ಸರ್ಕಾರಕ್ಕೆ ಒಪ್ಪಿಸಿದರು. 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಒಬ್ಬರ ಮನೆಯೊಳಗೆ ಮುಗಿಯಬಹುದಾಗಿದ್ದ ಸಂಗ್ರಹವು ಊರಿನ ಮಕ್ಕಳ ಅರಿವಿನ ಸಾಧನವಾಯಿತು.

ವಿದ್ಯಾರ್ಥಿಗಳು ತಮ್ಮ ಅಳವಿನಲ್ಲಿ ಈ ಮಾರ್ಗವನ್ನು ಅನುಸರಿಸಬಹುದು. ಹೆಚ್ಚುವರಿ ಎಲೆಗಳನ್ನೆಲ್ಲ ಒಂದುಗೂಡಿಸಿ ಶಾಲೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಸಾಮಾನ್ಯವಾದ ಕಟ್ಟುಗಳನ್ನು ಕಟ್ಟಿಟ್ಟರೆ, ಪೊಟ್ಟಣ ಕೊಳ್ಳುವ ಶಕ್ತಿಯಿಲ್ಲದ ಸಹಪಾಠಿಯೂ ಸಮಾನನಾಗಿ ಎದುರು ಕುಳಿತು ಆಡಬಲ್ಲನು. ಕನ್ನಡ ನಾಡಿನ ಹಕ್ಕಿಗಳು, ನದಿಗಳು, ಶರಣರು, ವಿಜ್ಞಾನಿಗಳು ಇವರನ್ನು ಕುರಿತು ಮಕ್ಕಳೇ ರಟ್ಟಿನ ಮೇಲೆ ಚಿತ್ರ ಬರೆದು, ಅಂಕೆಸಂಖ್ಯೆಗಳನ್ನು ಗ್ರಂಥಾಲಯದಲ್ಲಿ ಹುಡುಕಿ ತುಂಬಿ, ಸ್ವಂತ ಮಾಲಿಕೆಗಳನ್ನು ರಚಿಸಿಕೊಳ್ಳಬಹುದು. ಅದಕ್ಕೆ ಕತ್ತರಿ, ಬಣ್ಣ, ರಟ್ಟುಗಳಷ್ಟೇ ವೆಚ್ಚ. ಪಾಲಕರೂ ಅಧ್ಯಾಪಕರೂ ವಾರಕ್ಕೊಮ್ಮೆಯಾದರೂ ಮಕ್ಕಳೊಡನೆ ಕುಳಿತು ಒಂದು ಆಟವನ್ನು ಆಡಿದರೆ, ಎಲೆಗಳ ಬೆಲೆಯನ್ನಲ್ಲದೆ ಆಟದ ಮೌಲ್ಯವನ್ನು ಮಕ್ಕಳು ಅರಿತುಕೊಳ್ಳುತ್ತಾರೆ. ಮೈಸೂರಿನ ಛದಗಳಿಗೆ ದೊರೆಯದೆ ಹೋದ ಆಡುವ ಕೈಗಳು ಇಂದಿನ ಈ ಎಲೆಗಳಿಗೆ ದೊರೆಯಲಿ. ಮಿತವಾದ ಸಂಗ್ರಹ, ಪ್ರಾಮಾಣಿಕವಾದ ವಿನಿಮಯ, ಹಟವಿಲ್ಲದ ಆಟ ಇವು ಕೂಡಿದಲ್ಲಿ ಈ ಹವ್ಯಾಸವು ವಿದ್ಯಾರ್ಥಿ ಜೀವನಕ್ಕೆ ಭೂಷಣವಾಗುವುದರಲ್ಲಿ ಸಂಶಯವಿಲ್ಲ.